ಕೆರೆಯ ಕಡೆಗೊಂದು ವರಾಂಡ

“ಕೆರೀ ದಂಡಿ ಎಲ್ಲಿ ಅದ, ನೀವ ತೋರಸ್ರಿ ಮೇಡಂ,” ಎಂದರು ವಕೀಲ ರಘೋತ್ತಮರಾಯರು. ಅವರ ಹಿತ್ತಿಲಿನಾಚೆ ಬ್ಯಾಡಗಿಯ ಆ ಕೆರೆ ಕಣ್ಣು ಹಾಯುವವರೆಗೂ ಬಿರುಕುಬಿಟ್ಟ ಮಣ್ಣಾಗಿ ಬಿದ್ದಿತ್ತು. ನಡುನಡುವೆ ಜಾಲಿ ಬೆಳೆದಿತ್ತು.

ಪುರಸಭೆಯ ಎಂಜಿನಿಯರ್ ಶಿಲ್ಪಾ ಟೇಪು ಹಿಡಿದು, ರಾಯರು ಸುಣ್ಣದಲ್ಲಿ ಗುರುತು ಹಾಕಿಸಿದ್ದ ವರಾಂಡದ ಜಾಗವನ್ನು ಅಳೆಯುತ್ತಿದ್ದಳು. ಕೆರೆಗೆ ಇಷ್ಟು ಹತ್ತಿರ ಏನನ್ನೂ ಕಟ್ಟುವಂತಿಲ್ಲ. ತಮಗೆ ವಿನಾಯಿತಿ ಬೇಕೆಂದು ರಾಯರು ಅರ್ಜಿ ಹಾಕಿದ್ದರು. ಅದು ಅಕ್ಕ ಅನಸೂಯಾಬಾಯಿಗಾಗಿ. ತಾಯಿಯಿಲ್ಲದ ತಮ್ಮನನ್ನು ಬೆನ್ನ ಮೇಲೆ ಹೊತ್ತು ಇದೇ ಕೆರೆಯಲ್ಲಿ ಈಜಿದವಳು ಆಕೆ. ಸೊಂಟ ಮುರಿದ ಮೇಲೆ ಗಾಲಿಕುರ್ಚಿಯಲ್ಲಿ ಹಿತ್ತಿಲ ಬಾಗಿಲಿನವರೆಗೆ ಬರುತ್ತಾಳೆ, ಅಷ್ಟೇ. ಹೊಸ್ತಿಲು ದಾಟಿದರೆ ಮೆಟ್ಟಿಲು, ಕುರ್ಚಿ ನಿಲ್ಲಿಸಲು ಜಾಗವೇ ಇಲ್ಲ. “ಒಂದ್ಸಲ ಹೊರಗ ಕೂಡಸೊ ರಘೂ” ಎಂಬುದೊಂದೇ ಆಕೆಯ ಬೇಡಿಕೆ.

“ನೀರ ಇಲ್ಲದ ಕೆರೀಗೆ ದಂಡಿ ಎಲ್ಲಿಂದ ಬರ್ತದ್ರಿ?” ಎಂದರು ರಾಯರು.

“ನೀರಿಲ್ಲಂದ್ರ ಕೆರೀನ ಇಲ್ಲಂತ ಆಗೂದಿಲ್ಲರಿ ಸರ. ಅಜ್ಜಿಯವರ್ನ ನೋಡಿದ್ರ ನನಗೂ ಹೂಂ ಅನಬೇಕು ಅನಸ್ತೈತಿ. ಆದ್ರ...”

ಕೋರ್ಟಿನಲ್ಲಿ ರಾಯರೆದುರು ವಾದಿಸಿ ಗೆದ್ದವರು ಕಡಿಮೆ. ಅವರು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಬಾಗಿಲಿನಿಂದ ಅಕ್ಕನ ದನಿ ಬಂತು: “ಸುಮ್ನಿರೊ! ಕೇಳು.”

ತರಗೆಲೆಗಳ ಮೇಲೆ ಯಾರೋ ನಡೆದು ಬಂದಂಥ ಸದ್ದು. ಮೊದಲು ಬೆಳ್ಳಕ್ಕಿಗಳು ಕಂಡವು, ನೆಲದಿಂದೆದ್ದ ಹುಳಗಳನ್ನು ಹೆಕ್ಕುತ್ತ. ಅವುಗಳ ಹಿಂದೆ ನೀರು! ಮೇಲಿನ ಊರುಗಳಲ್ಲಿ ಸುರಿದ ಮಳೆಗೆ ಅಲ್ಲಿಯ ಕೆರೆ ತುಂಬಿ ಕೋಡಿ ಬಿದ್ದಿದೆಯೆಂದು ಬೆಳಿಗ್ಗೆ ಯಾರೋ ಹೇಳಿದ್ದನ್ನು ರಾಯರು ಕಿವಿಗೆ ಹಾಕಿಕೊಂಡಿರಲಿಲ್ಲ. ಕೆಂಪು ನೀರು ಅವಸರವಿಲ್ಲದೆ ಬಂತು. ಒಂದೊಂದು ಬಿರುಕಿಗೂ ಇಳಿದು, ತುಂಬಿ, ಗುಳುಗುಳು ಗುಳ್ಳೆಯೆಬ್ಬಿಸಿ ಮುಂದಿನದಕ್ಕೆ ಸಾಗಿತು. ಮಣ್ಣೊಳಗೆ ಎಲ್ಲಿದ್ದವೋ, ಕಪ್ಪೆಗಳು ಒಮ್ಮೆಲೇ ಕೂಗಲು ಹತ್ತಿದವು. ನಿನ್ನೆಯವರೆಗೆ ಆಡು ಮೇಯುತ್ತಿದ್ದ ಬಯಲು ನೋಡನೋಡುತ್ತ ಕೆರೆಯಾಯಿತು. ವರಾಂಡದ ಸುಣ್ಣದ ಗೆರೆ ಒಂದು ಗಳಿಗೆ ನೀರಡಿಯಲ್ಲಿ ಬೆಳ್ಳಗೆ ಹೊಳೆದು ಕರಗಿಹೋಯಿತು.

ಶಿಲ್ಪಾ ಟೇಪು ಸುತ್ತುವುದನ್ನೂ ಮರೆತು ನಿಂತಿದ್ದಳು.

“ರಘೂ, ನನ್ನ ಕೆಳಗ ಇಳಸೊ,” ಎಂದಳು ಅಕ್ಕ.

ಇಬ್ಬರೂ ಸೇರಿ ಕುರ್ಚಿ ಸಮೇತ ಆಕೆಯನ್ನು ಎತ್ತಿ, ಮೆಟ್ಟಿಲಿಳಿಸಿ, ನೀರಂಚಿನಲ್ಲಿ ಇಟ್ಟರು. ಆಕೆ ಎರಡೂ ಕಾಲನ್ನು ನೆಲಕ್ಕೆ ಬಿಟ್ಟಳು. ನೀರು ಬಂದು ಪಾದ ಮುಟ್ಟಿತು.

“ಎಷ್ಟು ತಂಪ ಅದೊ!”

ಶಿಲ್ಪಾ ಟೇಪು ಸುತ್ತುತ್ತ ಮೆಲ್ಲಗೆ ಕೇಳಿದಳು: “ಸರ, ವರದಿ ಏನಂತ ಬರೀಲ್ರಿ?”

ನೀರು ಇನ್ನೂ ಬರುತ್ತಲೇ ಇತ್ತು. ರಾಯರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಹಿರಿಯರಿಗೆ ದಾರಿ ಬಿಡುವವರಂತೆ ಒಂದು ಹೆಜ್ಜೆ ಹಿಂದೆ ಸರಿದು ನಿಂತರು.