ಟಗರಿನ ಗಂಟೆ

ಗುರುಲಿಂಗ ಕುಂಟುತ್ತಿದ್ದ ಮರಿಯನ್ನು ಎತ್ತಿಕೊಳ್ಳುವಷ್ಟರಲ್ಲಿ ಹಿಂದೆ ಗಂಟೆಯ ಸದ್ದಾಯಿತು. ಅವನು ಈಗಷ್ಟೇ ಇಳಿದಿದ್ದ ನಾಲ್ಕು ಗಾಲಿಯ ಬೈಕು, ಮೇಲೆ ಯಾರೂ ಇಲ್ಲದೆ, ಇಳಿಜಾರಿನಲ್ಲಿ ಅವನನ್ನು ದಾಟಿ ಹೋಗುತ್ತಿತ್ತು. ಮುಂದೆ ಇಪ್ಪತ್ತು ಮಾರಿಗೆ ತಾಂಡೂರಿನ ಪಾಳುಬಿದ್ದ ಕಲ್ಲುಖಣಿ.

"ಮೊದಲ ಬಂದ್ ಮಾಡು, ಬ್ರೇಕ್ ಹಾಕು, ಆಮ್ಯಾಲ ಇಳಿಯಪ್ಪಾ," ಎಂದು ಅವ್ವ ಸಾಬಮ್ಮ ಹೇಳಿದ್ದಳು. "ಬಂದ್ ಆತಂದ್ರ ಮತ್ತ ಜಲ್ದಿ ಚಾಲೂ ಆಗಂಗಿಲ್ಲವ್ವಾ," ಎಂದು ಅವನು ನಕ್ಕಿದ್ದ. ಆ ಗಂಟೆ, ಸತ್ತುಹೋದ ಮುಂದಾಳು ಟಗರಿನದು. ಕುರಿಗಳು ಗಾಡಿಯ ಹಿಂದೆ ಬರಲೆಂದು ಅವನೇ ಅದನ್ನು ಹ್ಯಾಂಡಲ್ಲಿಗೆ ಕಟ್ಟಿದ್ದ.

ಬೈಕು ಅಂಚಿನಲ್ಲಿ ಮೂತಿ ತಗ್ಗಿಸಿ ಮಾಯವಾಯಿತು. ಕೆಳಗಿನಿಂದ ದೊಡ್ಡ ಸದ್ದು ಬಂತು. "ಹೋದ್ರ ಹೋಗಲಿ ಬಿಡು, ನೀ ಅದರ ಮ್ಯಾಲ ಇರಲಿಲ್ಲಲ್ಲ, ಅಷ್ಟ ಸಾಕು," ಎಂದು ಕುರಿಗಳ ಹಿಂದಿನಿಂದ ಓಡಿಬಂದ ಸಾಬಮ್ಮ ಅವನ ತೋಳು ಹಿಡಿದಳು. ಆದರೆ ತಳದಲ್ಲಿ ಮಗುಚಿ ಬಿದ್ದರೂ ಎಂಜಿನ್ ನಿಂತಿರಲಿಲ್ಲ. ಅದರ ನಡುಕಕ್ಕೆ ಗಂಟೆ ಬಿಡದೆ ಮೊಳಗುತ್ತಿತ್ತು.

ಮೇಯುತ್ತಿದ್ದ ಇನ್ನೂರು ಕುರಿಗಳು ಒಮ್ಮೆಲೇ ತಲೆ ಎತ್ತಿದವು. ಸಾಬಮ್ಮ ತನ್ನ ಹಳೆಯ ಕೂಗು ಹಾಕಿದಳು. ಒಂದು ಕಿವಿಯೂ ಅವಳತ್ತ ಹೊರಳಲಿಲ್ಲ. ಗುರುಲಿಂಗ ಅಡ್ಡ ನಿಂತ. ಅವು ಒಂದಿಷ್ಟೂ ಅರಚದೆ, ಅವನ ಮೊಳಕಾಲಿಗೆ ಉಣ್ಣೆ ತಾಗಿಸುತ್ತ, ದಿನವೂ ಗಾಡಿಯ ಹಿಂದೆ ಬರುವಷ್ಟೇ ನೆಮ್ಮದಿಯಿಂದ ಎರಡೂ ಬದಿಯಲ್ಲಿ ದಾಟಿ ಖಣಿಯತ್ತ ನಡೆದವು. ಅವನ ಎದೆಗವಚಿದ್ದ ಕುಂಟ ಮರಿಯೂ ಅತ್ತ ಕತ್ತು ಚಾಚಿ ಕೊಸರಾಡತೊಡಗಿತು.