ಯಾರ ಪೈಕಿ ನೀ?

ಶೂಟಿಂಗ್ ಕ್ಲಬ್ಬಿನ ಏರ್ ರೈಫಲ್‌ಗಳು ಮನೆತನ ವಿಚಾರಿಸದೆ ಟ್ರಿಗರಿನ ಬೀಗ ತೆಗೆಯುತ್ತಿರಲಿಲ್ಲ. ಎಲ್ಲರ ಮಕ್ಕಳೂ ಆಡಬಹುದೆಂದು ಈ ವರ್ಷ ಹೊಸ ನಿಯಮ ಬಂದಿತ್ತು. ಅದನ್ನು ರೈಫಲ್‌ಗಳಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ತಂಡದ ಆಯ್ಕೆಯ ದಿನ ಹದಿಮೂರು ವರ್ಷದ ನೀಲವ್ವನ ಕೈಗೆ ಬಂದದ್ದು ಎಲ್ಲಕ್ಕಿಂತ ಹಳೆಯ, ಸಿಡುಕು ಸ್ವಭಾವದ ರೈಫಲ್.

“ಯಾರ ಪೈಕಿ ನೀ?” ಎಂದಿತು ಅದು.

“ನಾ ನೀಲವ್ವ.”

“ಹೆಸರ ಕೇಳಲಿಲ್ಲ. ದೇಸಾಯರ ಪೈಕಿಯೋ, ವಕೀಲರ ಪೈಕಿಯೋ?”

ಸಾಲಿನಲ್ಲಿದ್ದ ಹುಡುಗರು ಕಿಸಕ್ಕನೆ ನಕ್ಕರು. ಕೋಚ್ ಗಡಿಯಾರ ನೋಡಿದರು. ಉಳಿದದ್ದು ಎರಡೇ ನಿಮಿಷ. ನೀಲವ್ವನಿಗೆ ರೇಗಿತು.

“ದಿನಾ ಸಂಜಿಕ ನಿನ್ನ ಮೈ ಒರಸ್ತಾಳಲ್ಲ ಯಲ್ಲವ್ವ, ಆಕಿ ಮೊಮ್ಮಗಳು.”

ರೈಫಲ್ ಟಕ್ಕನೆ ಬೀಗ ಕಳಚಿಕೊಂಡಿತು.

“ಮೊದಲ ಹೇಳಬಾರದೇನವಾ? ಮೂವತ್ತು ವರ್ಷದಾಗ ನನ್ನ ‘ಹ್ಯಾಂಗದೀಯಪಾ’ ಅಂತ ಮಾತಾಡಿಸಿದಾಕಿ ಆಕಿ ಒಬ್ಬಾಕಿನ. ನೋಡು, ನಾ ಚೂರು ಎಡಕ್ಕ ಎಳೀತೀನಿ. ಬಲಕ್ಕ ಹಿಡಿ.”

ನೀಲವ್ವ ಚೂರು ಬಲಕ್ಕೆ ಹಿಡಿದು ಹೊಡೆದಳು. ಗುರಿಹಲಗೆಯ ನಟ್ಟನಡುವೆ ತೂತು ಬಿತ್ತು.

ತನ್ನ ಅಪ್ಪನ ಹಾಗೆಯೇ ಆ ರೈಫಲಿನಿಂದ ಸದಾ ಗುರಿ ತಪ್ಪಿ ಎಡಕ್ಕೇ ಹೊಡೆಯುತ್ತ ಬಂದಿದ್ದ ದೇಸಾಯರ ಹುಡುಗನ ನಗು ನಿಂತಿತು.

“ನಮಗ್ಯಾಕ ಹೇಳಲಿಲ್ಲ?” ಎಂದ.

“ಒಂದ ದಿನಾರ ಮಾತಾಡಿಸೀರೇನು?” ಎಂದಿತು ರೈಫಲ್.