ಲೋಟಕ್ಕೆ ಬಿದ್ದ ನೀರು

ರೋಗಿಗಳಿಗೆ ಔಷಧಿ ಹನಿಸುವ ಡ್ರಿಪ್ ಪಂಪು ಏಳನೇ ಸಲ ನಿಂತಿತು. ಗುರುದೇವಿಯ ಲ್ಯಾಪ್‌ಟಾಪಿನಲ್ಲಿ ಅದೇ ಕೆಂಪು ಸಾಲು: ಯಾವುದೋ ಕೋಡ್ ಮೆಮೊರಿಯಲ್ಲಿ ತನ್ನದಲ್ಲದ ಜಾಗಕ್ಕೆ ಬರೆಯಲು ಹೋಗಿದೆ, ಮೆಮೊರಿ ಕಾಯುವ ಕರ್ನಲ್ ತಂತ್ರಾಂಶ ತಡೆದು ಯಂತ್ರವನ್ನೇ ನಿಲ್ಲಿಸಿದೆ. ಪಂಪು ನೋಡಲು ದಿಲ್‌ಸುಖ್‌ನಗರದಿಂದ ಬಂದ ಡಾಕ್ಟರು ಆಗಲೇ ಲಿಫ್ಟ್ ಹತ್ತಿದ್ದರು.

"ಆ ಕಾವಲು ಆಫ್ ಮಾಡಿಬಿಡು ಗುರು. ಡೆಮೊ ಮುಗೀಲಿ, ಆಮೇಲೆ ನೋಡ್ಕೊಳ್ಳೋಣ," ಎಂದ ಅವಳ ಟೀಮ್ ಲೀಡ್, ಮೈಸೂರಿನ ಅಮಿತ.

"ಹತ್ತ ನಿಮಿಷ ಕೊಡ್ರಿ, ಹುಡುಕ್ತೀನಿ."

"ನಿನ್ನ ಹತ್ತು ನಿಮಿಷ ಬೆಳಿಗ್ಗೆಯಿಂದ ನಡೀತಾನೇ ಇದೆ ತಾಯಿ!"

ಅವಳು ಕಾವಲು ತೆಗೆದು ಪಂಪು ಚಾಲೂ ಮಾಡಿದಳು. ಈ ಸಲ ನಿಲ್ಲಲಿಲ್ಲ. ಪರದೆಯ ಮೇಲೆ ಗಂಟೆಗೆ ಐದು ಎಂ.ಎಲ್. ಅಮಿತ ಚಪ್ಪಾಳೆ ತಟ್ಟಿದ. ಅವಳು ಮಾತ್ರ ನಳಿಕೆಯ ಕೆಳಗಿಟ್ಟಿದ್ದ ಇರಾನಿ ಚಾಯ್ ಲೋಟವನ್ನೇ ನೋಡುತ್ತಿದ್ದಳು. ಒಂದೊಂದೇ ಹನಿ ಬೀಳಬೇಕಿದ್ದ ನೀರು ದಾರದಂತೆ ಸುರಿಯುತ್ತಿತ್ತು. ಪರದೆ ಇನ್ನೂ ಐದನ್ನೇ ತೋರಿಸುತ್ತಿತ್ತು.

"ಮೆಮೊರಿಯ ಆ ಜಾಗದಾಗ ಮೋಟರ್ ಸ್ಪೀಡ್ ಐತ್ರಿ. ನಿನ್ನೆ ಬರೆದ ನನ್ನ ಅಲಾರಾಂ ಕೋಡ್ ಅದರ ಮ್ಯಾಲೆ ಬರ್ಯಾಕತ್ತೈತಿ."

ಲಿಫ್ಟಿನ ಗಂಟೆ ಹೊಡೆಯಿತು. "ಬೇಡ ಗುರು, ಪ್ಲೀಸ್," ಎಂದ ಅಮಿತ. ಅವಳು ಕಾವಲನ್ನು ಮತ್ತೆ ಹಾಕಿದಳು. ಪಂಪು ನಿಂತಿತು.

"ತಪ್ಪು ನಂದೈತಿ, ಡಾಕ್ಟರಿಗೆ ನಾನೇ ಹೇಳ್ತೀನ್ರಿ," ಎಂದು ಲೋಟ ಎತ್ತಿಕೊಂಡು ಅವಳು ಬಾಗಿಲಿಗೆ ನಡೆದಳು.